ಅಮೆರಿಕದ ಅಧ್ಯಕ್ಷೀಯ ಚುನಾವಣೆ: ಯಾವ ಘಟನೆಯಿಂದ ಗಾಳಿ ತಿರುಗುತ್ತದೆ?

ಅಮೆರಿಕದಲ್ಲಿ ಅಧ್ಯಕ್ಷೀಯ ಚುನಾವಣೆ ಸಮೀಪಿಸಿದಾಗಲೆಲ್ಲ ಊರಿನ ಬಂಧುಮಿತ್ರರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಏನು ನಡೆದರೆ ಫಲಿತಾಂಶ ತಿರುಗುಮುರುಗಾಗುತ್ತದೆ? ಹಗರಣವೆ, ಗುಂಡಿನ ದಾಳಿಯೆ, ಟಿ.ವಿ. ಚರ್ಚೆಯೆ? ನನ್ನ ಉತ್ತರ ಬಹಳ ಮಂದಿಗೆ ರುಚಿಸುವುದಿಲ್ಲ. ಘಟನೆ ಎಷ್ಟು ದೊಡ್ಡದೆಂಬುದು ಮುಖ್ಯವಲ್ಲ. ಮತದಾರರ ಮನಸ್ಸಿನಲ್ಲಿ ಮೊದಲೇ ಮನೆಮಾಡಿರುವ ಅನುಮಾನವನ್ನು ಅದು ನಿಜವಾಗಿಸುತ್ತದೆಯೆ, ಇಲ್ಲವೆ ದೂರಮಾಡುತ್ತದೆಯೆ ಎಂಬುದೇ ಮುಖ್ಯ.

1980ನ್ನೇ ನೋಡೋಣ. ಹಣದುಬ್ಬರ ಎರಡಂಕಿ ದಾಟಿತ್ತು, ಇರಾನಿನಲ್ಲಿ 52 ಮಂದಿ ಅಮೆರಿಕನ್ನರು ಒತ್ತೆಯಾಳುಗಳಾಗಿದ್ದರು, ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಂದ ಜನ ಬೇಸತ್ತಿದ್ದರು. ಆದರೂ ಅಕ್ಟೋಬರ್ ಕೊನೆಯವರೆಗೆ ಹಲವು ಸಮೀಕ್ಷೆಗಳು ತುರುಸಿನ ಸ್ಪರ್ಧೆಯನ್ನೇ ತೋರಿಸುತ್ತಿದ್ದವು. ಏಕೆಂದರೆ ಅವರ ಎದುರಾಳಿ ರೊನಾಲ್ಡ್ ರೇಗನ್ ದೇಶವನ್ನು ಯುದ್ಧಕ್ಕೆ ನೂಕಿಯಾರೆಂಬ ಅಳುಕು ಅನೇಕರಲ್ಲಿತ್ತು. ಅಕ್ಟೋಬರ್ 28ರಂದು ಕ್ಲೀವ್‌ಲ್ಯಾಂಡಿನಲ್ಲಿ ಇಬ್ಬರ ನಡುವೆ ನಡೆದ ಏಕೈಕ ಚರ್ಚೆಯಲ್ಲಿ ರೇಗನ್ ನಗುಮುಖದಿಂದ, ಸಮಾಧಾನದಿಂದ ಮಾತನಾಡಿ, ನಾಲ್ಕು ವರ್ಷಗಳ ಹಿಂದಿಗಿಂತ ಈಗ ನೀವು ಸುಖವಾಗಿದ್ದೀರಾ ಎಂದು ಜನರನ್ನು ಕೇಳಿದರು. ಅಳುಕು ಕರಗಿತು. ಮತದಾನದ ದಿನವಾದ ನವೆಂಬರ್ 4, ಒತ್ತೆಯಾಳುಗಳು ಸೆರೆಸಿಕ್ಕಿ ಸರಿಯಾಗಿ ಒಂದು ವರ್ಷ ತುಂಬಿದ ದಿನವೂ ಆಗಿತ್ತು. ಅಧ್ಯಕ್ಷರನ್ನು ಆರಿಸುವ, ರಾಜ್ಯವಾರು ಹಂಚಿಕೆಯಾದ 538 ಎಲೆಕ್ಟೋರಲ್ ಮತಗಳಲ್ಲಿ 489 ರೇಗನ್ ಪಾಲಾದವು.

ಹಾಗೆಂದು ಚರ್ಚೆಗಳಿಗೆಲ್ಲ ಈ ಶಕ್ತಿಯಿದೆಯೆಂದು ಭಾವಿಸಬೇಕಿಲ್ಲ. 2012ರ ಮೊದಲ ಚರ್ಚೆಯಲ್ಲಿ ಒಬಾಮಾ ಎಡವಿದರು, ಚುನಾವಣೆಯನ್ನು ಗೆದ್ದರು. 2024ರ ಬೇಸಿಗೆಯಂತೂ ಎರಡೂ ಬಗೆಯ ಘಟನೆಗಳನ್ನು ಅಕ್ಕಪಕ್ಕದಲ್ಲೇ ಇಟ್ಟಿತು: ಜುಲೈ 13ರಂದು ಪೆನ್ಸಿಲ್ವೇನಿಯದ ಬಟ್ಲರ್‌ನಲ್ಲಿ ಗುಂಡು ಟ್ರಂಪ್ ಅವರ ಕಿವಿಗೆ ತಾಗಿ ಹೋಯಿತು, ಇಡೀ ಜಗತ್ತು ಆ ಚಿತ್ರವನ್ನು ನೋಡಿತು, ಸಮೀಕ್ಷೆಗಳು ಮಾತ್ರ ಅಷ್ಟಾಗಿ ಕದಲಲಿಲ್ಲ; ಆದರೆ ಅದಕ್ಕೂ ಮೊದಲು, ಜೂನ್ 27ರ ಅಟ್ಲಾಂಟಾ ಚರ್ಚೆಯಲ್ಲಿ 81ರ ಹರೆಯದ ಬೈಡನ್ ತಡವರಿಸಿದ್ದು, ಅವರ ವಯಸ್ಸಿನ ಬಗ್ಗೆ ಜನರಲ್ಲಿದ್ದ ಸಂಶಯವನ್ನು ಕಣ್ಣೆದುರಿಗೇ ತಂದು ನಿಲ್ಲಿಸಿ, ಜುಲೈ 21ರಂದು ಹಾಲಿ ಅಧ್ಯಕ್ಷರೇ ಕಣದಿಂದ ಹಿಂದೆ ಸರಿಯುವಂತೆ ಮಾಡಿತು.

ಹಗರಣಗಳ ಬಗ್ಗೆ ನನಗಿರುವ ನಂಬಿಕೆ ಇನ್ನೂ ಕಡಿಮೆ. ಡೆಮಾಕ್ರಟಿಕ್ ಪಕ್ಷದ ಕಚೇರಿಯಿದ್ದ ವಾಟರ್‌ಗೇಟ್ ಕಟ್ಟಡಕ್ಕೆ, ಅಧ್ಯಕ್ಷ ನಿಕ್ಸನ್ ಅವರ ಪ್ರಚಾರ ತಂಡದ ನಂಟಿದ್ದ ಕಳ್ಳರು ನುಗ್ಗಿದ್ದು 1972ರ ಜೂನ್‌ನಲ್ಲಿ. ಅದೇ ನವೆಂಬರ್‌ನಲ್ಲಿ ನಿಕ್ಸನ್ 49 ರಾಜ್ಯಗಳನ್ನು ಗೆದ್ದರು.

ಆರ್ಥಿಕ ಕುಸಿತದ ಮಾತು ಬೇರೆ. 2008ರ ಸೆಪ್ಟೆಂಬರ್ 15ರಂದು ದೊಡ್ಡ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿಯೆದ್ದಿತು. ಅದೇ ದಿನ ರಿಪಬ್ಲಿಕನ್ ಅಭ್ಯರ್ಥಿ ಜಾನ್ ಮೆಕೇನ್ ದೇಶದ ಆರ್ಥಿಕತೆಯ ಬುನಾದಿ ಭದ್ರವಾಗಿದೆ ಎಂದುಬಿಟ್ಟರು. ಒಂಬತ್ತು ದಿನಗಳ ನಂತರ ಪ್ರಚಾರವನ್ನೇ ಸ್ಥಗಿತಗೊಳಿಸುವುದಾಗಿ ಘೋಷಿಸಿದರು. ತಮ್ಮದೇ ಪಕ್ಷದ ಸರ್ಕಾರವಿದ್ದಾಗ ಬಂದೆರಗಿದ ಬಿಕ್ಕಟ್ಟಿನಲ್ಲಿ ಅವರು ಹೇಗಿದ್ದರೂ ನಷ್ಟ ಅನುಭವಿಸಬೇಕಿತ್ತು, ಆದರೆ ಈ ತಡಬಡಿಕೆ ಆ ನಷ್ಟವನ್ನು ಹೆಚ್ಚಿಸಿತೆಂದೇ ನನ್ನ ಅಭಿಪ್ರಾಯ.

ಉಳಿದದ್ದು ಸಮಯ ಮತ್ತು ಅಂತರದ ಲೆಕ್ಕ. 2016ರಲ್ಲಿ ಮತದಾನಕ್ಕೆ 11 ದಿನಗಳಿದ್ದಾಗ ಟ್ರಂಪ್ ಎದುರಾಳಿ ಹಿಲರಿ ಕ್ಲಿಂಟನ್ ಅವರ ಇಮೇಲ್‌ಗಳ ಕುರಿತು ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐ ಮುಖ್ಯಸ್ಥ ಜೇಮ್ಸ್ ಕೋಮಿ ಬರೆದ ಪತ್ರ ಬಹಿರಂಗವಾಯಿತು. ಸೋಲಿಗೆ ಅದೇ ಕಾರಣವೆ ಎಂಬ ವಾದ ಇಂದಿಗೂ ಮುಗಿದಿಲ್ಲ. ಫಲಿತಾಂಶ ನಿರ್ಧರಿಸಿದ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯ ರಾಜ್ಯಗಳಲ್ಲಿ ಅವರು ಸೋತ ಒಟ್ಟು ಅಂತರ ಸುಮಾರು 78,000 ಮತಗಳಷ್ಟೇ ಇದ್ದಾಗ ಸಣ್ಣ ಪುಟ್ಟ ಕಾರಣಗಳೂ ನಿರ್ಣಾಯಕವಾಗಿ ಕಾಣುತ್ತವೆ. ಕೊನೆಯ ವಾರದ ಸ್ಫೋಟಕ ಸುದ್ದಿಗಾಗಿ ಕಾಯುವವರು ಇನ್ನೊಂದನ್ನು ಗಮನಿಸಬೇಕು: 2020ರಲ್ಲಿ ಚುನಾವಣೆಯ ದಿನಕ್ಕೆ ಮೊದಲೇ 10 ಕೋಟಿಗೂ ಹೆಚ್ಚು ಜನ ಮತ ಹಾಕಿ ಮುಗಿಸಿದ್ದರು.