ತೂಕ

ಹೋದ ಭಾನುವಾರ ಮಾವ ಬಂದಿದ್ರು, ಊಟ ಆದ್ಮೇಲೆ ಟಿವೀಲಿ ಯೂಟ್ಯೂಬ್ ಹಾಕಿ 2010ರ ಗ್ರ್ಯಾಂಡ್ ನ್ಯಾಷನಲ್, ಅಂದ್ರೆ ಇಂಗ್ಲೆಂಡಿನ ದೊಡ್ಡ ಕುದುರೆ ರೇಸ್ ತೋರಿಸ್ದೆ. ಮಾವ ಹುಡುಗ ಆಗಿದ್ದಾಗ ಇಲ್ಲೇ ನಮ್ಮ ಬೆಂಗಳೂರು ರೇಸ್‌ಕೋರ್ಸಲ್ಲಿ ರೈಡಿಂಗ್ ಬಾಯ್, ಅಂದ್ರೆ ಬೆಳಿಗ್ಗೆ ಕುದುರೆಗಳನ್ನ ಓಡಿಸಿ ಪ್ರಾಕ್ಟೀಸ್ ಮಾಡಿಸೋ ಹುಡುಗ. ಕತ್ತಲಲ್ಲೇ ಎದ್ದು ಶೇಷಾದ್ರಿಪುರದಿಂದ ನಡ್ಕೊಂಡು ಹೋಗ್ತಿದ್ರಂತೆ, ಜಾಕಿ ಆಗ್ಬೇಕು ಅಂತ ತುಂಬಾ ಆಸೆ, ಆದ್ರೆ ಹದಿನೆಂಟು ತುಂಬೋ ಹೊತ್ತಿಗೆ ಉದ್ದ ಬೆಳೆದ್ಬಿಟ್ರು, ಸ್ವೆಟರ್ ಮೇಲೆ ಸ್ವೆಟರ್ ಹಾಕ್ಕೊಂಡು ಓಡಿದ್ರೂ ತೂಕ ಇಳೀಲಿಲ್ಲ, ಅಲ್ಲಿಗೆ ಮುಗೀತು.

ಬೆಂಗಳೂರಲ್ಲಿ ಬರೀ ಫ್ಲಾಟ್ ರೇಸ್, ಅಡ್ಡ ಏನೂ ಇರಲ್ಲ. ಇಂಗ್ಲೆಂಡಿನ ಏಂಟ್ರೀಲಿ ನಾಲ್ಕು ಮೈಲಿಗೂ ಮೇಲೆ, ಮೂವತ್ತು ಬೇಲಿ ಹಾರ್ಬೇಕು, ಆ ವರ್ಷ ನಲವತ್ತು ಕುದುರೆ! ಒಂದೊಂದು ಬೇಲಿಗೂ ಮಾವ ಸೋಫಾದಿಂದ ಎದ್ದೆದ್ದು ಕೂತ್ಕೊಳ್ತಿದ್ರು. ಗೆದ್ದಿದ್ದು ಡೋಂಟ್ ಪುಷ್ ಇಟ್ ಅನ್ನೋ ಕುದುರೆ, ಮೇಲಿದ್ದ ಜಾಕಿ ಎ.ಪಿ. ಮೆಕಾಯ್. ಈ ರೇಸಲ್ಲಿ ಅವ್ರು ಹದಿನಾಲ್ಕು ಸಲ ಸೋತು ಹದಿನೈದನೇ ಸಲಕ್ಕೆ ಸಿಕ್ಕ ಗೆಲುವು ಅದು.

ಮೆಕಾಯ್ ಬಗ್ಗೆ ಎಲ್ರೂ ಹೇಳೋದು 1995-96ರಿಂದ 2014-15ರ ತನಕ ಬಿಡದೆ ಇಪ್ಪತ್ತು ಸಲ ಚಾಂಪಿಯನ್, ಅಂದ್ರೆ ಆ ಸೀಸನ್ನಲ್ಲಿ ಎಲ್ರಿಗಿಂತ ಜಾಸ್ತಿ ರೇಸ್ ಗೆದ್ದ ಜಾಕಿ, ನಾಲ್ಕು ಸಾವಿರದ ಮುನ್ನೂರಕ್ಕೂ ಜಾಸ್ತಿ ಗೆಲುವು, 2001-02ರ ಒಂದೇ ಸೀಸನ್ನಲ್ಲಿ 289. ಅದೆಲ್ಲ ದೊಡ್ಡದೇ. ಆದ್ರೆ ನನ್ನ ಮನಸ್ಸಲ್ಲಿ ಕೂತಿರೋದು ಬೇರೆ. ಉತ್ತರ ಐರ್ಲೆಂಡಿನ ಹುಡುಗ, ಶುರು ಮಾಡಿದ್ದು ಫ್ಲಾಟ್ ಜಾಕಿ ಆಗೋಕೆ, ಕಾಲು ಮುರ್ಕೊಂಡು ಮಲಗಿದ್ದಾಗ ಬೆಳೆದ್ಬಿಟ್ಟ, ಮೈ ತೂಕನೂ ಏರ್ತು, ಅಂದ್ರೆ ಥೇಟ್ ನಮ್ಮ ಮಾವನ ಕಥೆನೇ, ಆದ್ರೆ ಅಲ್ಲಿ ಬೇಲಿ ಹಾರೋ ರೇಸ್ ಅಂತ ಇನ್ನೊಂದು ದಾರಿ ಇತ್ತು, ಅಲ್ಲಿ ಸ್ವಲ್ಪ ಜಾಸ್ತಿ ತೂಕ ನಡೆಯತ್ತೆ. ಆ ಸ್ವಲ್ಪದೊಳಗೆ ಇರೋಕೂ ದಿನಾ ಮೈ ಸುಡೋಂಥ ಬಿಸಿನೀರಲ್ಲಿ ಕೂತು ಬೆವರು ಇಳಿಸಿ, ಸಕ್ಕರೆ ಹಾಕಿದ ಟೀ ಕುಡ್ಕೊಂಡು, ಅರೆಹೊಟ್ಟೇಲಿ ಇಪ್ಪತ್ತು ವರ್ಷ. ಸೀಸನ್ ಅಂದ್ರೆ ಅಲ್ಲಿ ಸುಮಾರು ವರ್ಷಪೂರ್ತಿ, ಇವತ್ತೊಂದು ಊರು ನಾಳೆ ಇನ್ನೊಂದು.

ಬಿದ್ದಿದ್ದಕ್ಕೂ ಲೆಕ್ಕ ಇಲ್ಲ. 2008ರ ಜನವರೀಲಿ ಬಿದ್ದು ಬೆನ್ನುಮೂಳೆ ಮುರೀತು, ಮಾರ್ಚಲ್ಲಿ ಚೆಲ್ಟನ್‌ಹ್ಯಾಮ್ ಊರಿನ ದೊಡ್ಡ ರೇಸ್‌ಗಳ ಹೊತ್ತಿಗೆ ಮತ್ತೆ ಕುದುರೆ ಮೇಲೆ. ಇದನ್ನ ಓದ್ದಾಗ ನಂಗೆ ಹೆಮ್ಮೆಗಿಂತ ಸಂಕಟನೇ ಜಾಸ್ತಿ ಆಗಿದ್ದು, ಯಾರಾದ್ರೂ ತಡೀಬೇಕಿತ್ತು ಅನ್ಸತ್ತೆ. 2015ರ ಏಪ್ರಿಲಲ್ಲಿ, ನಲವತ್ತನೇ ವಯಸ್ಸಲ್ಲಿ, ಇನ್ನೂ ಚಾಂಪಿಯನ್ ಆಗಿದ್ದಾಗ್ಲೇ ನಿಲ್ಲಿಸಿದ್ರು ಅಂತ ಗೊತ್ತಾದಾಗ ಸಮಾಧಾನ ಆಯ್ತು.

ರೇಸ್ ಮುಗಿದ್ಮೇಲೆ ಮಾವ ಕೇಳಿದ್ದು ಒಂದೇ.

"ಎಷ್ಟಮ್ಮ ಎತ್ತರ ಅವನು?"

"ಐದಡಿ ಹತ್ತಿಂಚು ಮಾವ. ತೂಕ 63-64 ಕೆಜಿ ದಾಟದ ಹಾಗೆ ನೋಡ್ಕೊಳ್ತಿದ್ರಂತೆ."

ಮಾವ ರಿಮೋಟ್ ಇಸ್ಕೊಂಡು ಅವ್ರ ಮುಖ ಹತ್ರ ಕಾಣೋ ಕಡೆ ನಿಲ್ಲಿಸಿದ್ರು, ತುಂಬಾ ಹೊತ್ತು ನೋಡ್ತಾ ಇದ್ರು. "ನಂದೂ ಅಷ್ಟೇ ಎತ್ತರ" ಅಂದ್ರು.