ಎತ್ತಿನ ಹೊಟ್ಟೆಯೊಳಗೆ ದಾರಿ ತಪ್ಪಿದ ದಿನ

ಕೆಲಸಕ್ಕೆಂದು ಚೀನಾದ ಹಾಂಗ್‌ಝೌಗೆ ಹೋಗಿ ಒಂದು ವರ್ಷವಾಗಿದ್ದರೂ ನಾನು ನೋಡಿದ್ದು ಗಾಜಿನ ಕಟ್ಟಡ, ಮೆಟ್ರೋ, ಮಾಲ್ ಇಷ್ಟೇ. ಫೋನಿನಲ್ಲಿ ಅಮ್ಮ ಒಂದು ದಿನ, "ಅಲ್ಲಿ ಹಳ್ಳಿ ಅನ್ನೋದೇ ಇಲ್ವೇನೋ?" ಅಂದರು. ನನಗೂ ಹೌದಲ್ವಾ ಅನ್ನಿಸಿತು. ಏಪ್ರಿಲ್‌ನ ಒಂದು ಶನಿವಾರ ಬೆಳಗ್ಗೆ ಹೈಸ್ಪೀಡ್ ರೈಲು ಹತ್ತಿ ಹುವಾಂಗ್‌ಶಾನ್‌ನಲ್ಲಿ ಇಳಿದು, ಅಲ್ಲಿಂದ ಬಸ್ಸು ಹಿಡಿದು ಹೊಂಗ್‌ಚುನ್ ತಲುಪಿದೆ. ಆನ್‌ಹುಯಿ ಪ್ರಾಂತ್ಯದ ಹಳ್ಳಿ. 2000ದಲ್ಲಿ ಹತ್ತಿರದ ಶಿದಿ ಹಳ್ಳಿಯ ಜೊತೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು. ಒಳಗೆ ಹೋಗಲು ಆಗ 104 ಯುವಾನ್ ಟಿಕೆಟ್ ಇತ್ತು. ಅಮ್ಮನಿಗೆ ಇದನ್ನು ಹೇಳಿದಾಗ, "ಹಳ್ಳಿಗೆ ಹೋಗೋಕೂ ಟಿಕೆಟ್ಟಾ?" ಅಂತ ಎರಡು ಸಲ ಕೇಳಿದರು.

ಊರ ಮುಂದೆಯೇ ದಕ್ಷಿಣದ ಕೆರೆ, ನಡುವೆ ಕಮಾನಿನ ಕಲ್ಲುಸೇತುವೆ. ಆಚೆಗೆ ಸುಣ್ಣ ಬಳಿದ ಬಿಳಿ ಗೋಡೆಗಳು, ಕಪ್ಪು ಹೆಂಚು. ಎಲ್ಲವೂ ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತಿತ್ತು. ದಡದ ತುಂಬ ಚಿತ್ರಕಲೆಯ ವಿದ್ಯಾರ್ಥಿಗಳು ಮಣೆಯಂಥ ಪುಟ್ಟ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಒಬ್ಬ ಹುಡುಗಿಯ ಹಿಂದೆ ನಿಂತು ನೋಡಿದೆ. ಅವಳು ಮನೆಗಳನ್ನು ಬಿಟ್ಟು ಮೊದಲು ನೆರಳನ್ನೇ ಬರೆದು ಮುಗಿಸಿದ್ದಳು. ಅವಳಿಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಮಳೆ ಬರೋ ಹಾಗಿದೆ, ನಾನೂ ಒಳಗೆ ಬರ್ತೀನಿ ಅಂತ ಬ್ರಷ್ ಎತ್ತಿಟ್ಟು ಹೊರಟಳು. ನನ್ನ ಅದೃಷ್ಟ.

ಈ ಊರು ಒಂದು ಎತ್ತು ಅಂತ ಅವಳಿಂದಲೇ ಗೊತ್ತಾಯಿತು. ಹಿಂದಿನ ಗುಡ್ಡ ತಲೆ, ಅಲ್ಲಿನ ಎರಡು ಹಳೇ ಮರ ಕೊಂಬು, ನಾಲ್ಕು ಸೇತುವೆ ಕಾಲು, ಮನೆಗಳು ಮೈ. ನಡುವಿನ ಚಂದ್ರಕೊಳ ಜಠರ, ಮನೆ ಮನೆ ಮುಂದೆ ಹರಿಯುವ ಕಾಲುವೆ ಕರುಳು. ವಾಂಗ್ ಮನೆತನದವರು 1131ರಲ್ಲಿ ಇಲ್ಲಿ ನೆಲೆ ಊರಿದರು. ಮಿಂಗ್ ರಾಜರ ಕಾಲದಲ್ಲಿ ಪಶ್ಚಿಮದ ಹಳ್ಳಕ್ಕೆ ಒಡ್ಡು ಕಟ್ಟಿ ನೀರನ್ನು ಊರೊಳಗೆ ತಿರುಗಿಸಿಕೊಂಡರು. ಮರದ ಮನೆಗಳು, ಬೆಂಕಿಯ ಭಯ. ಮನೆಗಳ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಗೋಡೆಗಳೂ ಅದಕ್ಕೇ. ಒಂದು ಮನೆಗೆ ಬಿದ್ದ ಬೆಂಕಿ ಪಕ್ಕದ ಸೂರಿಗೆ ಹಾರಬಾರದು. ಅದಕ್ಕೆ ಕುದುರೆತಲೆ ಗೋಡೆ ಅಂತ ಹೆಸರು. ನನಗೇನೋ ಕುದುರೆ ಕಾಣಲಿಲ್ಲ.

ಚಂದ್ರಕೊಳದ ಆಕಾರ ಅರ್ಧಚಂದ್ರ. ಕುಲದ ಯಜಮಾನ ದೂರದಲ್ಲಿ ಸರ್ಕಾರಿ ಕೆಲಸದಲ್ಲಿದ್ದಾಗ ಅವನ ಹೆಂಡತಿಯೇ ನಿಂತು ತೋಡಿಸಿದಳು ಅಂತ ಊರವರು ಹೇಳುತ್ತಾರಂತೆ. ಪೂರ್ತಿ ದುಂಡಗೆ ಮಾಡಿ ಅಂದವರಿಗೆ, ತುಂಬಿದ ಚಂದ್ರ ಮರುದಿನದಿಂದ ಸವೆಯುತ್ತೆ, ಅರ್ಧವೇ ಇರಲಿ ಅಂದಳಂತೆ. ಇನ್ನೊಂದು ಕಟ್ಟಳೆ ನನಗೆ ತುಂಬ ಹಿಡಿಸಿತು. ಬೆಳಗ್ಗೆ ಎಂಟರವರೆಗೆ ಕುಡಿಯೋ ನೀರು ಮಾತ್ರ ತುಂಬಿಕೊಳ್ಳಬೇಕು. ಬಟ್ಟೆ, ಪಾತ್ರೆ ಏನಿದ್ದರೂ ಆಮೇಲೆ.

ಮಳೆ ಶುರುವಾದಾಗ ನಾವು ಚೆಂಗ್‌ಝಿ ಮನೆಯಲ್ಲಿದ್ದೆವು. ಉಪ್ಪಿನ ವ್ಯಾಪಾರಿಯೊಬ್ಬ 1855ರಲ್ಲಿ ಕಟ್ಟಿಸಿದ್ದು. ತೊಲೆಗಳ ಮೇಲೆ ಮರದ ಕೆತ್ತನೆ, ಬೆರಳಿನಷ್ಟುದ್ದದ ನೂರು ಮಕ್ಕಳು ಚೀನಾದ ಲಾಂದ್ರದ ಹಬ್ಬ ಮಾಡುತ್ತಿದ್ದಾರೆ. ಆದರೆ ನನ್ನ ಕಣ್ಣು ಹೋದದ್ದು ನಡುವಿನ ತೆರೆದ ಅಂಗಳಕ್ಕೆ. ನಾಲ್ಕೂ ಕಡೆಯ ಸೂರು ಒಳಕ್ಕೇ ಇಳಿದು, ಮಳೆ ಮನೆಯ ಮಧ್ಯಕ್ಕೆ ಸುರಿಯುತ್ತಿತ್ತು. ನೀರೆಂದರೆ ದುಡ್ಡು, ಹೊರಗೆ ಹೋಗಬಾರದು, ಇದು ಅವರ ಲೆಕ್ಕ.

ಅಜ್ಜಿಯ ತೊಟ್ಟಿಮನೆಯಲ್ಲೂ ಹೀಗೇ ಇತ್ತು. ಮಳೆ ಬಂದರೆ ಮೂಲೆಯ ದೋಣಿಯ ಕೆಳಗೆ ಹಂಡೆ ಇಡುವುದು ಮಕ್ಕಳ ಕೆಲಸ. ಖಾಲಿ ಹಂಡೆಗೆ ಮೊದಲ ಧಾರೆ ಬಿದ್ದಾಗಿನ ಢಣಢಣ ಸದ್ದು, ತುಂಬುತ್ತಾ ಬಂದಂತೆ ದಪ್ಪವಾಗುತ್ತಿತ್ತು. ಆಮೇಲೆ ದೊಡ್ಡಪ್ಪ ತೊಟ್ಟಿಯ ಮೇಲೆ ಫೈಬರ್ ಶೀಟ್ ಹಾಕಿಸಿದರು. ಒರೆಸೋ ಕೆಲಸ ತಪ್ಪಿತು ಅಂತ ಎಲ್ಲರಿಗೂ ಖುಷಿ. ಹಾಕಿಸಿ ಅಂದವರಲ್ಲಿ ನಾನೂ ಒಬ್ಬ.

ಚೆಂಗ್‌ಝಿ ಮನೆಯ ಪಡಸಾಲೆಯ ಉದ್ದ ಮೇಜಿನ ಮೇಲೆ ಒಂದು ಗಡಿಯಾರ, ಅದರ ಒಂದು ಪಕ್ಕ ಹೂಜಿ, ಇನ್ನೊಂದು ಪಕ್ಕ ಕನ್ನಡಿ. ಆ ಭಾಗದ ಹಳೇ ಮನೆಗಳಲ್ಲೆಲ್ಲ ಹೀಗೇ ಇಡುತ್ತಾರಂತೆ. ಗಡಿಯಾರ 'ಝೊಂಗ್', ಅದರ ಸದ್ದು 'ಶೆಂಗ್', ಹೂಜಿ 'ಪಿಂಗ್', ಕನ್ನಡಿ 'ಜಿಂಗ್'. ಸೇರಿಸಿ ಹೇಳಿದರೆ ಬದುಕಿಡೀ ನೆಮ್ಮದಿ ಅನ್ನೋ ಅರ್ಥ ಬರುತ್ತದೆ. ನೆಮ್ಮದಿ ಬೇಡಿದ್ದಕ್ಕೆ ಕಾರಣವೂ ಇತ್ತು. ಹಿಂದಿನ ಜನ್ಮದಲ್ಲಿ ಪುಣ್ಯ ಮಾಡದವರು ಹುಯಿಝೌನಲ್ಲಿ ಹುಟ್ಟುತ್ತಾರೆ, ಹದಿಮೂರು ಹದಿನಾಲ್ಕಕ್ಕೇ ಹೊರಗೆ ಎಸೆಯಲ್ಪಡುತ್ತಾರೆ ಅಂತ ಅಲ್ಲೊಂದು ಗಾದೆ. ಹುಯಿಝೌ ಅಂದರೆ ಈ ಭಾಗದ ಹಳೇ ಹೆಸರು. ಗುಡ್ಡಗಾಡು, ಹೊಲ ಕಡಿಮೆ. ಹುಡುಗರು ವ್ಯಾಪಾರಕ್ಕೆ ಊರು ಬಿಡಲೇಬೇಕಿತ್ತು. ಈ ದೊಡ್ಡ ಮನೆಗಳಲ್ಲಿ ವರ್ಷಗಟ್ಟಲೆ ಉಳಿದವರು ಹೆಂಗಸರು. ಹೊರಗೋಡೆಯ ಕಿಟಕಿಗಳು ಎತ್ತರದಲ್ಲಿ, ಕಿರಿದಾಗಿ ಇರುವುದು ಕಳ್ಳರ ಭಯಕ್ಕೆ. ಇದನ್ನು ಕೇಳಿದ ಮೇಲೆ ಹೂಜಿ ಸುಮ್ನೆ ಇಟ್ಟ ಅಲಂಕಾರದ ಹಾಗೆ ಕಾಣಲಿಲ್ಲ.

ಹುಡುಗಿ ತನ್ನ ಗುಂಪಿಗೆ ವಾಪಸು ಹೋದಳು. ನಾನು ಬೂಷ್ಟು ಹಿಡಿದ ತೋಫು ತಿಂದೆ. ಬೇಕೆಂದೇ ಬಿಳಿ ಕೂದಲು ಬರಿಸಿ ಕರಿದದ್ದು. ನಮ್ಮನೆಯಲ್ಲಾದರೆ ನೇರ ತಿಪ್ಪೆಗೆ, ಆದರೆ ರುಚಿ ಚೆನ್ನಾಗಿತ್ತು. ಆಮೇಲೆ ಸಂದಿಗೊಂದಿ ಸುತ್ತುತ್ತಾ ದಾರಿ ತಪ್ಪಿತು. ಎರಡೂ ಕಡೆ ಎತ್ತರದ ಬಿಳಿ ಗೋಡೆ, ಗುಡ್ಡ ಕಾಣದು, ಕೆರೆ ಕಾಣದು. ಫೋನ್ ಆಗಲೇ ಸತ್ತಿತ್ತು. ಒಬ್ಬ ಅಜ್ಜಿ ಬಾಗಿಲ ಮುಂದಿನ ಕಾಲುವೆಯಲ್ಲಿ ಕಳಲೆ ತೊಳೆಯುತ್ತಿದ್ದರು. ಹೌದು, ಮಲೆನಾಡಿನ ಅದೇ ಕಳಲೆ. ನಾನು "ನಾನ್ ಹೂ" ಅಂದೆ, ದಕ್ಷಿಣದ ಕೆರೆ ಅಂತ. ನನ್ನ ಉಚ್ಚಾರಣೆಗೆ ಅವರು ನಕ್ಕರು. ಇನ್ನೊಂದು ಸಲ ಅಂದೆ. ಅಜ್ಜಿ ಕಳಲೆಯ ಸಿಪ್ಪೆಯೊಂದನ್ನು ನೀರಿಗೆ ಹಾಕಿ ಅದರ ಕಡೆ ಕೈ ತೋರಿಸಿದರು. ಹೋಗು ಅದರ ಹಿಂದೆ.

ಹೋದೆ. ಸಿಪ್ಪೆ ಒಂದು ತಿರುವಿನಲ್ಲಿ ಪಾಚಿಗೆ ಸಿಕ್ಕಿಕೊಂಡಿತು, ಬೆರಳಿಂದ ಬಿಡಿಸಿದೆ. ಮುಂದೆ ಕಾಲುವೆ ಚಪ್ಪಡಿಯ ಕೆಳಗೆ ನುಗ್ಗಿತು. ಆಚೆ ನೀರು ಬಂತು, ಸಿಪ್ಪೆ ಬರಲಿಲ್ಲ. ನೀರು ಸಾಕಿತ್ತು. ಕೆರೆ ಸಿಕ್ಕಿತು, ಕೊನೆಯ ಬಸ್ಸು ಸಿಗಲಿಲ್ಲ.

ರಾತ್ರಿ ಅಲ್ಲೇ ಒಂದು ಮನೆಯಲ್ಲಿ ಉಳಿದೆ. ಬೆಳಗ್ಗೆ ಆರೂವರೆಗೆ ಚಂದ್ರಕೊಳಕ್ಕೆ ಹೋದರೆ, ಒಬ್ಬಾಕೆ ಕಲ್ಲಿನ ಮೇಲೆ ಬಟ್ಟೆ ಹರಡಿ ಮರದ ದಬ್ಬೆಯಿಂದ ದಬದಬ ಬಡಿಯುತ್ತಿದ್ದರು. ಎಂಟಾಗಲು ಇನ್ನೂ ಒಂದೂವರೆ ಗಂಟೆ ಇತ್ತು. ಮನೆಮನೆಗೆ ನಲ್ಲಿ ಬಂದಿದೆಯಲ್ಲ, ಇನ್ಯಾರು ಕೇಳ್ತಾರೆ.