ಬಾಡಿದ ಟೊಮೆಟೊಗೆ ನೀರು ಹೊಯ್ಯುವ ಮುನ್ನ

"ಬಾಯಾರಿದೆ ಮಾರಾಯ್ರೆ, ಇನ್ನೊಂದು ಕೊಡ ನೀರು ಬೇಕು, ಅಷ್ಟೆ."

ಬಾಡಿದ ತನ್ನ ಟೊಮೆಟೊ ಗಿಡ ನೋಡಿ ಎದುರು ಮನೆಯ ಅಕ್ಕ ಈ ವಾರ ಹೇಳಿದ ಈ ಮಾತು ತಲೆಯಿಂದ ಇಳಿಯುತ್ತಿಲ್ಲ. ಗಿಡದ ತುಂಬ ಕಾಯಿ, ಒಂದೆಲೆಯೂ ಹಳದಿಯಾಗಿಲ್ಲ, ಆದರೂ ತುದಿ ಜೋತುಬಿದ್ದಿದೆ. ಮಣ್ಣು ಮುಟ್ಟಿದರೆ ಒದ್ದೆ. ಒದ್ದೆ ಮಣ್ಣಲ್ಲಿ ನಿಂತು ಬಾಡುವ ಗಿಡಕ್ಕೆ ಬಾಯಾರಿಕೆ ಎಲ್ಲಿಯದು? ಬೇರು ಕೊಳೆತಿರಬೇಕು, ಇಲ್ಲವೇ ನೀರು ಏರುವ ನಾಳ ಕಟ್ಟಿಕೊಂಡಿರಬೇಕು. ಕರಾವಳಿ, ಮಲೆನಾಡಿನ ಹುಳಿ ಮಣ್ಣಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗವನ್ನು.

ಮೊದಮೊದಲು ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಳ್ಳುತ್ತದೆ. ಮೋಸ ಇಲ್ಲೇ. ನೀರು ಹೊಯ್ದವರು ತಮ್ಮ ನೀರೇ ಕೆಲಸ ಮಾಡಿತೆಂದು ನಂಬುತ್ತಾರೆ, ಮರುದಿನ ಇನ್ನಷ್ಟು ಹೊಯ್ಯುತ್ತಾರೆ. ಆ ನೀರು ಹರಿದು ಪಕ್ಕದ ಗಿಡದ ಬುಡಕ್ಕೂ ರೋಗ ಮುಟ್ಟಿಸುತ್ತದೆ. ಅಕ್ಕನದು ಅಕ್ಕರೆಯೇ, ಅದಕ್ಕೇ ಇಷ್ಟು ಸಂಕಟ.

ಪರೀಕ್ಷೆ ಸುಲಭ. ಬುಡದ ಹತ್ತಿರದ ಕಾಂಡವನ್ನು ಬೆರಳುದ್ದ ಕತ್ತರಿಸಿ, ತೊಳೆದು, ಗಾಜಿನ ಲೋಟದ ತಿಳಿನೀರಿನಲ್ಲಿ ಕೆಳತುದಿಯಷ್ಟೇ ಮುಳುಗುವಂತೆ ಕ್ಲಿಪ್ಪಿನಿಂದ ತೂಗುಹಾಕಿ. ಅಲುಗಾಡಿಸಬೇಡಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆ ಕೆಳಗಿಳಿದರೆ ಅದೇ ರೋಗ. ಎಳೆ ಬಾರದೆ, ಬುಡದ ಎಲೆಗಳು ಮೊದಲು ಹಳದಿಯಾಗಿದ್ದರೆ ಅದು ಶಿಲೀಂಧ್ರದ ಸೊರಗು ಇರಬಹುದು.

ಬಿಳಿ ಎಳೆ ಕಂಡ ಮೇಲೆ ಔಷಧಿಯಿಲ್ಲ. ಹೀಗಿದ್ದೂ ಗೊಬ್ಬರದಂಗಡಿಯವರು ಯಾವುದೋ ಪುಡಿ ಕಟ್ಟಿಕೊಡುತ್ತಾರಲ್ಲ, ನನಗದು ಸರಿ ಕಾಣುವುದಿಲ್ಲ. ನಾಳದೊಳಗೆ ಸೇರಿದ ರೋಗವನ್ನು ಬುಡಕ್ಕೆ ಸುರಿದ ದ್ರಾವಣ ತೆಗೆಯಲಾರದು. ಗಿಡವನ್ನು ಬೇರು, ಸುತ್ತಲ ಮಣ್ಣಿನ ಸಮೇತ ಚೀಲಕ್ಕೆ ಹಾಕಿ ಹೊರಸಾಗಿಸಿ. ಗೊಬ್ಬರದ ಗುಂಡಿಗೆ ಖಂಡಿತ ಬೇಡ. ಕಾಯಿ ತಿನ್ನಲು ತೊಂದರೆಯಿಲ್ಲ. ಕುಂಡವನ್ನು ಉಜ್ಜಿ ತೊಳೆದು, ಒಂದು ಪಾಲು ಮನೆಬಳಕೆಯ ದ್ರವ ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ 10 ನಿಮಿಷ ನೆನೆಸಿಡಿ. ಕತ್ತಿ, ಕತ್ತರಿಗೂ ಇದೇ ಉಪಚಾರ.

ನೆಲದಲ್ಲಿ ಬೆಳೆದಿದ್ದರೆ ಕಷ್ಟ ಜಾಸ್ತಿ, ರೋಗಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅಲ್ಲಿ ಬದನೆ, ಮೆಣಸಿನಕಾಯಿ, ಆಲೂಗಡ್ಡೆ, ಶುಂಠಿ ಯಾವುದೂ ಬೇಡ. ಮೆಕ್ಕೆಜೋಳ, ಈರುಳ್ಳಿ ಹಾಕಬಹುದು. ಏಪ್ರಿಲ್, ಮೇ ಬಿಸಿಲಿನಲ್ಲಿ ಮಣ್ಣು ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಅಂಚು ಹೂತು 4ರಿಂದ 6 ವಾರ ಮುಚ್ಚಿಟ್ಟರೆ ರೋಗಾಣು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಟೊಮೆಟೊ ಬೇಕೇ ಬೇಕೆಂದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಹಾಕಿ. ದುಂಡಾಣು ಸೊರಗು, ಎಲೆ ಮುರುಟು, ಎಲೆ ಅಂಗಮಾರಿ ಮೂರನ್ನೂ ತಡೆಯುವ ತಳಿ ಅದು. ಈ ರೋಗ ತಡೆಯುವ ಬದನೆ ತಳಿಯ ಬೇರಿನ ಮೇಲೆ ಕಸಿ ಮಾಡಿದ ಸಸಿಯೂ ಆದೀತು. ಬೇರಿಗೆ ಗಾಯವಾದರೆ ರೋಗಕ್ಕೆ ಬಾಗಿಲು ತೆರೆದಂತೆ, ಹಾಗಾಗಿ ನೆಟ್ಟ ಮೇಲೆ ಬುಡ ಕೆದಕಬೇಡಿ. ಅಕ್ಕನ ಹಿತ್ತಿಲಲ್ಲಿ ಇನ್ನೂ ಐದು ಗಿಡ ನೆಟ್ಟಗಿವೆ, ಅವುಗಳ ನಡುವೆ ನೀರು ಹರಿಯದಂತೆ ಇವತ್ತೇ ಬೇರೆಬೇರೆ ಪಾತಿ ಕಟ್ಟಬೇಕು.